ಓನೀಲ್‌ನ ಎಲೆಕ್ಟ್ರಾಳನ್ನು ಗುತ್ತಿನ ಮನೆಗೆ ತರುವುದು ಹೇಗೆ?

ಕಲ್ಸಂಕದ_ರಂಗದವ

ಎಲ್ಲರಿಗೂ ನಮಸ್ಕಾರ. ನಮ್ಮದು ಉಡುಪಿಯ ಒಂದು ಸಣ್ಣ ಹವ್ಯಾಸಿ ತಂಡ. 11 ಜನ ಇದ್ದೇವೆ. ಬ್ಯಾಂಕಿನವರು, ಟೀಚರ್‌ಗಳು, ಒಬ್ಬರು ಮೆಡಿಕಲ್ ಇಟ್ಟವರು. ಮಳೆ ಬಿಟ್ಟ ಮೇಲೆ ಒಂದು ದೊಡ್ಡ ನಾಟಕ ಮಾಡಬೇಕು ಅಂತ ಆಸೆ ಉಂಟು. ನಾನು ಹಿಡಿದುಕೊಂಡದ್ದು ಯೂಜೀನ್ ಓನೀಲ್‌ನ 'ಮೌರ್ನಿಂಗ್ ಬಿಕಮ್ಸ್ ಎಲೆಕ್ಟ್ರಾ'. ಕನ್ನಡಕ್ಕೆ ನಾನೇ ಮಾಡುತ್ತಿದ್ದೇನೆ, ಮೊದಲ ಭಾಗ ಮುಗಿದಿದೆ.

ಕಥೆ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಮೂಲ ಗ್ರೀಕ್ ನಾಟಕಕಾರ ಈಸ್ಕಿಲಸ್‌ನದ್ದು, ಕ್ರಿ.ಪೂ. 458ರ 'ಓರೆಸ್ಟಿಯಾ'. ಟ್ರಾಯ್ ಯುದ್ಧ ಗೆದ್ದು ಬಂದ ಅಗಮೆಮ್ನನ್‌ನನ್ನು ಹೆಂಡತಿ ಕ್ಲೈಟೆಮ್ನೆಸ್ಟ್ರಾ ಕೊಲ್ಲುತ್ತಾಳೆ. ಮಗ ಒರೆಸ್ಟಿಸ್ ತಾಯಿಯನ್ನು ಕೊಲ್ಲುತ್ತಾನೆ. ರಕ್ತಕ್ಕೆ ಸೇಡು ತೀರಿಸುವ ದೇವತೆಗಳು ಅವನ ಬೆನ್ನು ಹತ್ತುತ್ತಾರೆ, ಕೊನೆಗೆ ಅಥೆನ್ಸಿನಲ್ಲಿ ವಿಚಾರಣೆ ನಡೆದು ಅವನು ಬಿಡುಗಡೆ ಆಗುತ್ತಾನೆ. ಓನೀಲ್ 1931ರಲ್ಲಿ ಇದನ್ನು ಅಮೆರಿಕದ ನ್ಯೂ ಇಂಗ್ಲೆಂಡಿಗೆ ತಂದ. ಅಂತರ್ಯುದ್ಧ ಮುಗಿಯುವ ಹೊತ್ತು, 1865. ಮ್ಯಾನನ್ ಎಂಬ ದೊಡ್ಡ ಮನೆತನ. ಜನರಲ್ ಎಜ್ರಾ ಮ್ಯಾನನ್ ಮನೆಗೆ ಬರುತ್ತಾನೆ, ಹೆಂಡತಿ ಕ್ರಿಸ್ಟೀನ್ ಎದೆನೋವಿನ ಮದ್ದಿನ ಬದಲು ವಿಷ ಕೊಡುತ್ತಾಳೆ. ಮಗಳು ಲವಿನಿಯಾಗೆ, ಅಂದರೆ ಗ್ರೀಕ್ ಕಥೆಯ ಎಲೆಕ್ಟ್ರಾಳ ಜಾಗದಲ್ಲಿ ಇರುವವಳಿಗೆ, ಗೊತ್ತಾಗಿಬಿಡುತ್ತದೆ.

ಒಬ್ಬನೇ ಕೂತು ಓದುವಾಗ ಮೈ ಜುಮ್ಮೆನ್ನುತ್ತದೆ. ಆದರೆ ಮೊನ್ನೆ ನಮ್ಮ ಟೆರೇಸಿನಲ್ಲಿ ಎಲ್ಲರೂ ಕೂತು ಜೋರಾಗಿ ಓದಿದಾಗ ಏನೋ ಹಗುರ ಅನಿಸಿತು. ಕ್ರಿಸ್ಟೀನ್ ಪಾತ್ರ ಓದುತ್ತಿದ್ದ ಅಕ್ಕ ಪುಸ್ತಕ ಮಡಚಿಟ್ಟು ಕೇಳಿದರು, "ಇವಳಿಗೆ ಗಂಡನ ಮೇಲೆ ಇಷ್ಟು ಸಿಟ್ಟು ಎಂತಕ್ಕೆ?" ನಾನು ಮದುವೆಯ ಮೊದಲ ರಾತ್ರಿ, ಪ್ರೀತಿ ಸತ್ತದ್ದು, ಮಗನನ್ನು ಯುದ್ಧಕ್ಕೆ ಎಳೆದುಕೊಂಡು ಹೋದದ್ದು ಎಲ್ಲ ಹೇಳಿದೆ. ಅವರು ಹೂಂ ಅಂದರು, ಆದರೆ ಮುಖ ನೋಡಿದರೆ ಒಪ್ಪಿದ ಹಾಗೆ ಕಾಣಲಿಲ್ಲ.

ನನ್ನ ಯೋಚನೆ ಇದನ್ನು ನಮ್ಮ ಕಡೆಯ ಒಂದು ಗುತ್ತಿನ ಮನೆಗೆ, ಅಂದರೆ ತುಳುನಾಡಿನ ಹಳೆಯ ದೊಡ್ಡ ಮನೆತನದ ಮನೆಗೆ, ತರುವುದು. ಓನೀಲ್ ಹೇಳುವ ಮನೆಗೆ ಗ್ರೀಕ್ ಗುಡಿಯ ಹಾಗೆ ಎದುರಲ್ಲಿ ಸಾಲು ಬಿಳಿ ಕಂಬಗಳಿವೆ, ಅದನ್ನು ಓದಿದಾಗ ನನಗೆ ಕಂಡದ್ದು ಚಾವಡಿಯ ಕಪ್ಪು ಮರದ ಕಂಬಗಳು. ಆದರೆ ಮೇಳವನ್ನು, ಅಂದರೆ ಕೋರಸ್ಸನ್ನು, ಏನು ಮಾಡುವುದು? ಮನೆತನದ ಶಾಪವನ್ನು ಹೇಗೆ ತೋರಿಸುವುದು? ಇಂಥ ಅಮೆರಿಕನ್ ನಾಟಕಗಳನ್ನು ಓದಿದವರು, ಮಾಡಿದವರು ಇದ್ದರೆ ದಯವಿಟ್ಟು ಹೇಳಿ.

ತಾಳಮದ್ದಳೆ_ಕೇಳುಗ

ಒಳ್ಳೆ ಕೆಲಸಕ್ಕೆ ಕೈ ಹಾಕಿದ್ದೀರಿ ಮಾರಾಯ್ರೆ. ಮೇಳಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳುವುದು ಯಾಕೆ, ನಮ್ಮ ಯಕ್ಷಗಾನದಲ್ಲಿ ಪದ ಹಾಡುವ ಭಾಗವತರು ಇಲ್ವಾ? ಒಬ್ಬರು ಭಾಗವತರು, ಒಂದು ಮದ್ದಳೆ, ಒಂದು ಚೆಂಡೆ. ದೃಶ್ಯ ದೃಶ್ಯದ ನಡುವೆ ಪದ ಹೇಳಿದರೆ ಕಥೆ ತಾನೇ ಮುಂದೆ ಹೋಗುತ್ತದೆ.

ಇನ್ನೊಂದು ಮಾತು. ತಾಯಿ ಮಗಳು ಎದುರುಬದುರು ನಿಂತು ಜಗಳ ಮಾಡುವ ಜಾಗ ಇರುತ್ತದಲ್ಲ, ಅದನ್ನು ನೇರವಾಗಿ ತಾಳಮದ್ದಳೆಯ ಹಾಗೆ ಮಾಡಿ. ವೇಷ ಇಲ್ಲ, ಕುಣಿತ ಇಲ್ಲ, ಕೂತಲ್ಲೇ ಮಾತು. ನಾನು ಚಿಕ್ಕಂದಿನಿಂದ ದೇವಸ್ಥಾನದ ಅಂಗಳದಲ್ಲಿ ರಾತ್ರಿಯಿಡೀ ಕೂತು ಕೇಳಿದವ. ಇಬ್ಬರು ಅರ್ಥಧಾರಿಗಳು, ಅಂದರೆ ಪಾತ್ರದ ಮಾತಾಡುವವರು, ಒಂದೇ ಪ್ರಶ್ನೆಯನ್ನು ಹಿಡಿದು ಒಂದು ಗಂಟೆ ಎಳೆದರೂ ಒಬ್ಬನೂ ಎದ್ದು ಹೋಗುವುದಿಲ್ಲ, ಯಾಕೆಂದರೆ ಇಬ್ಬರ ಮಾತೂ ಸರಿ ಅನಿಸುತ್ತಾ ಇರುತ್ತದೆ. ಗ್ರೀಕರದ್ದೂ ಅದೇ ಅಲ್ವಾ?

ಉದ್ದದ ಬಗ್ಗೆ ಹೆದರಬೇಡಿ. ನ್ಯೂಯಾರ್ಕಿನಲ್ಲಿ ಮೊದಲ ಸಲ ಆಡಿದಾಗ ಸಂಜೆ 5ಕ್ಕೆ ಶುರು ಮಾಡಿ ನಡುವೆ ಊಟಕ್ಕೆ ಬಿಟ್ಟಿದ್ದರಂತೆ. ನಮ್ಮವರಿಗೆ ಅದು ಹೊಸತಲ್ಲ. ಈಗ ಆಟ ಎಲ್ಲ ರಾತ್ರಿಯಿಡೀ ಅಲ್ಲ, ಕಾಲಮಿತಿ ಆಗಿದೆ, ಆದರೂ ಕೂರುವವರು ಇದ್ದಾರೆ.

ಬಲ್ಮಠದ_ಮೇಡಂ

ನಾನು ಮಂಗಳೂರಿನಲ್ಲಿ 22 ವರ್ಷದಿಂದ ಇಂಗ್ಲಿಷ್ ಪಾಠ ಮಾಡುತ್ತಿದ್ದೇನೆ, ಈ ನಾಟಕವನ್ನು ಆರೇಳು ಸಲ ಕ್ಲಾಸಿನಲ್ಲಿ ಓದಿಸಿದ್ದೇನೆ. ತಾಳಮದ್ದಳೆಯವರ ಎರಡನೇ ಸಲಹೆ ನನಗೆ ತುಂಬ ಹಿಡಿಸಿತು. ಮೊದಲನೆಯದಕ್ಕೆ ನನ್ನ ತಕರಾರು ಇದೆ.

ಭಾಗವತರು ಮೇಳ ಅಲ್ಲ. ಭಾಗವತರಿಗೆ ಪ್ರಸಂಗ ಪೂರ್ತಿ ಗೊತ್ತು. ಆಟ ನಡೆಸುವವರೇ ಅವರು, ಅವರ ತಾಳಕ್ಕೆ ಪಾತ್ರಗಳು ಬರುತ್ತವೆ, ಹೋಗುತ್ತವೆ. ಗ್ರೀಕ್ ಮೇಳಕ್ಕೆ ಮುಂದೆ ಏನು ಆಗುತ್ತದೆ ಗೊತ್ತಿಲ್ಲ. ಅವರು ಊರಿನ ಮುದುಕರು, ಇಲ್ಲ ಮನೆಗೆಲಸದ ಹೆಂಗಸರು, ಹನ್ನೆರಡೋ ಹದಿನೈದೋ ಜನ. ಒಳಗೆ ರಾಜ ಕೂಗಿಕೊಳ್ಳುವುದು ಕೇಳುತ್ತದೆ, ಬಾಗಿಲು ಒಡೆದು ಹೋಗೋಣವಾ ಬೇಡವಾ ಅಂತ ಹೊರಗೆ ಅವರು ಮಾತಾಡಿಕೊಳ್ಳುತ್ತಾ ನಿಲ್ಲುತ್ತಾರೆ, ಅಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಆ ಕೈಲಾಗದ ಸ್ಥಿತಿ ಭಾಗವತರಲ್ಲಿ ಬರುವುದಿಲ್ಲ. ಓನೀಲ್ ಮೇಳವನ್ನು ಊರ ಜನ ಮಾಡಿದ. ಅವರು ಆ ದೊಡ್ಡ ಮನೆಯ ಎದುರು ನಿಂತು ಇಣುಕುತ್ತಾರೆ, ಪಿಸುಗುಡುತ್ತಾರೆ, ಹೋಗುತ್ತಾರೆ. ನನಗೆ ಯಾವತ್ತೂ ಅದು ಸಾಲದು ಅನಿಸಿದೆ. ಹಾಡು ಹೋಗಿ ಬರೀ ಚಾಡಿ ಉಳಿಯಿತು.

ಇದನ್ನು ಸರಿಯಾಗಿ ಹಿಡಿದವರು ಲೀ ಬ್ರೂಯರ್ ಮತ್ತು ಬಾಬ್ ಟೆಲ್ಸನ್. 1983ರಲ್ಲಿ 'ದಿ ಗಾಸ್ಪೆಲ್ ಅಟ್ ಕೊಲೋನಸ್' ಅಂತ ಮಾಡಿದರು. ಸಾಫೋಕ್ಲಿಸ್ ಮುಪ್ಪಿನಲ್ಲಿ ಬರೆದ ಈಡಿಪಸ್ ನಾಟಕವನ್ನು ಕಪ್ಪು ಜನರ ಪೆಂಟಕೋಸ್ಟಲ್ ಚರ್ಚಿನ ಪ್ರಾರ್ಥನೆಯ ಒಳಗೆ ಇಟ್ಟರು. ಪಾದ್ರಿ ಬೈಬಲ್ ಓದುವ ಹಾಗೆ ಈಡಿಪಸ್‌ನ ಕಥೆ ಓದುತ್ತಾನೆ, ಆ ಪಾತ್ರ ಮಾಡಿದ್ದು ಮಾರ್ಗನ್ ಫ್ರೀಮನ್. ಕುರುಡ ಈಡಿಪಸ್‌ನ ಹಾಡನ್ನು ಹಾಡಿದ್ದು ನಿಜವಾಗಿಯೂ ಕಣ್ಣು ಕಾಣದ ಗಾಯಕರು, ಕ್ಲಾರೆನ್ಸ್ ಫೌಂಟನ್ ಮತ್ತು ಅಲಬಾಮಾದ ಫೈವ್ ಬ್ಲೈಂಡ್ ಬಾಯ್ಸ್. ಅಲ್ಲಿ ಮೇಳಕ್ಕಾಗಿ ಯಾರನ್ನೂ ಹುಡುಕಿ ತರಬೇಕಾಗಿರಲಿಲ್ಲ. ಆ ಚರ್ಚಿನಲ್ಲಿ ಪ್ರತಿ ಭಾನುವಾರ ಜನ ಒಟ್ಟಿಗೆ ಹಾಡುವುದು, ಪಾದ್ರಿಯ ಮಾತಿಗೆ ಕೂಗಿ ಉತ್ತರ ಕೊಡುವುದು ಇದ್ದೇ ಇತ್ತು.

ಹಾಗಾಗಿ ಬಟ್ಟೆ ಬದಲಾಯಿಸುವುದು ದೊಡ್ಡದಲ್ಲ. ನಮ್ಮ ಊರಲ್ಲಿ ಜನ ಒಟ್ಟಿಗೆ ಕೂತು ಬೇರೆಯವರ ದುಃಖಕ್ಕೆ ದನಿ ಕೂಡಿಸುವ ಜಾಗ ಯಾವುದು, ಅದನ್ನು ಹುಡುಕಿ.

ಶಾಪದ ಬಗ್ಗೆಯೂ ಒಂದು ಮಾತು. ಓನೀಲ್ ತನ್ನ ಟಿಪ್ಪಣಿಯಲ್ಲಿ ಕೇಳಿಕೊಂಡ ಪ್ರಶ್ನೆ ಏನೆಂದರೆ, ದೇವರುಗಳನ್ನು ನಂಬದ ಇವತ್ತಿನ ಪ್ರೇಕ್ಷಕನಿಗೆ ಗ್ರೀಕರ ವಿಧಿಯನ್ನು ಮನಸ್ಸಿನ ಒಳಗಿನ ಒತ್ತಡವಾಗಿ ತೋರಿಸಲು ಆಗುತ್ತದಾ ಅಂತ. ನಿಮ್ಮ ಪ್ರೇಕ್ಷಕರು ಹಾಗಲ್ಲ. ಉಡುಪಿಯಲ್ಲಿ ಮನೆತನಕ್ಕೆ ದೋಷ ಉಂಟು ಅಂದರೆ ಯಾರೂ ಆಶ್ಚರ್ಯ ಪಡುವುದಿಲ್ಲ, ಜೋಯಿಸರನ್ನು ಕರೆಸಿ ದೋಷ, ಪರಿಹಾರ ಕೇಳುವ ಅಷ್ಟಮಂಗಲ ಪ್ರಶ್ನೆ ಇಡಿಸಿ ಅನ್ನುತ್ತಾರೆ. ನಿಮ್ಮ ಕಷ್ಟ ಇರುವುದು ಅಲ್ಲಿ. ಪರಿಹಾರ ಇದೆ ಅಂತ ಗೊತ್ತಿರುವ ಜನರ ಮುಂದೆ ಪರಿಹಾರ ಇಲ್ಲದ ಕಥೆ ಹೇಳಬೇಕು.

ತೊಕ್ಕೊಟ್ಟಿನವಳು

ಮೇಡಂ ಹೇಳಿದ ಜಾಗ ನನಗೆ ಗೊತ್ತು ಅನಿಸಿತು, ಅದಕ್ಕೆ ಬರೆಯುತ್ತಿದ್ದೇನೆ.

ಎಂ.ಎ. ಮಾಡುವಾಗ ಲೂಯಿಸ್ ಅಲ್ಫಾರೋ ಬರೆದ 'ಮೊಹಾಡಾ' ಓದಿದ್ದೆ. ಗ್ರೀಕ್ ನಾಟಕಕಾರ ಯೂರಿಪಿಡಿಸ್‌ನ ನಾಯಕಿ ಮೀಡಿಯಾ ಅಲ್ಲಿ ಮೆಕ್ಸಿಕೋದಿಂದ ಕಾಗದಪತ್ರ ಇಲ್ಲದೆ ಗಡಿ ದಾಟಿ ಬಂದ ಹೆಂಗಸು. ಮೊಹಾಡಾ ಅಂದರೆ ಒದ್ದೆಯಾದವಳು, ನದಿ ದಾಟಿ ಬಂದವರನ್ನು ಹಾಗೆ ಬೈಯುತ್ತಾರೆ. ಲಾಸ್ ಏಂಜಲೀಸಿನ ಬಾಯ್ಲ್ ಹೈಟ್ಸ್ ಎಂಬಲ್ಲಿ ಮನೆಯಲ್ಲೇ ಕೂತು ಬಟ್ಟೆ ಹೊಲಿಯುತ್ತಾಳೆ. ಗಂಡ ಹಾಸೋನ್ ಕಟ್ಟಡದ ಕೆಲಸದಲ್ಲಿ ಮೇಲೆ ಮೇಲೆ ಹೋಗುತ್ತಾನೆ, ಇವಳು ಮನೆ ಬಿಟ್ಟು ಹೊರಗೆ ಕಾಲಿಡಲು ಹೆದರುತ್ತಾಳೆ. ಗ್ರೀಕ್ ನಾಟಕದಲ್ಲಿ ಮೀಡಿಯಾಗೆ ಊರು ಬಿಡು ಅಂತ ರಾಜ ಆಜ್ಞೆ ಮಾಡುತ್ತಾನೆ. ಇಲ್ಲಿ ಆ ಆಜ್ಞೆ ಮೊದಲಿನಿಂದ ತಲೆ ಮೇಲೆ ನೇತಾಡುತ್ತಲೇ ಇದೆ.

ಅದನ್ನು ಓದುವಾಗ ನನಗೆ ಕಂಡದ್ದು ಅಮ್ಮ. ಅಮ್ಮ ಬೀಡಿ ಕಟ್ಟಿಯೇ ನಮ್ಮನ್ನು ಓದಿಸಿದ್ದು. ಜಗಲಿಯ ಕಂಬಕ್ಕೆ ಒರಗಿ, ಮಡಿಲಲ್ಲಿ ತಡ್ಪೆ ಅನ್ನುವ ಮೊರ, ಎಡಗೈಯಲ್ಲಿ ಎಲೆ. ಹೊಗೆಸೊಪ್ಪು ಹಾಕಿ ಸುರುಳಿ ಸುತ್ತಿ, ಬಾಯಿ ಮಡಚಿ, ನೂಲು ಕಟ್ಟುವುದು. ನಮ್ಮ ಹತ್ತಿರ ಮಾತಾಡುವಾಗಲೂ ಕೈ ನಿಲ್ಲುತ್ತಿರಲಿಲ್ಲ. ಮಧ್ಯಾಹ್ನ ಆದ ಮೇಲೆ ಬೀಡಿ ಕಂಪನಿಯ ಬ್ರಾಂಚಿಗೆ ಕೊಂಡುಹೋಗಿ ಕೊಡಬೇಕು. ಅಲ್ಲಿ ಬೀಡಿ ನೋಡಿ ಲೆಕ್ಕ ಮಾಡುವವರೆಗೆ ಹತ್ತಿಪ್ಪತ್ತು ಹೆಂಗಸರು ಸಾಲಾಗಿ ಕೂತಿರುತ್ತಾರೆ, ಹಿಂದೂ, ಬ್ಯಾರಿ, ಎಲ್ಲರೂ. ಶಾಲೆ ಬಿಟ್ಟು ನಾನು ಅಲ್ಲಿಗೇ ಹೋಗುತ್ತಿದ್ದೆ. ಯಾರ ಮನೆಯಲ್ಲಿ ಏನಾಯಿತು ಅಂತ ಎಲ್ಲ ಅಲ್ಲಿ ಗೊತ್ತಾಗುತ್ತದೆ. ಆದರೆ ಅದು ಚಾಡಿ ಮಾತ್ರ ಅಲ್ಲ. ಒಂದು ದಿನ ಒಬ್ಬರು ಕೆನ್ನೆ ಊದಿಸಿಕೊಂಡು ಬಂದರು. ಯಾರೂ ಏನೂ ಕೇಳಲಿಲ್ಲ. ಪಕ್ಕದವರು ತಮ್ಮ ಕಟ್ಟಿನಿಂದ ನಾಲ್ಕು ಬೀಡಿ ತೆಗೆದು ಅವರ ಕಟ್ಟಿಗೆ ಸೇರಿಸಿದರು, ಅದರಾಚೆಯವರೂ ಹಾಗೇ ಮಾಡಿದರು, ಹೀಗೆ ಸಾಲು ಮುಗಿಯುವಷ್ಟರಲ್ಲಿ ಅವರ ಲೆಕ್ಕ ಭರ್ತಿ ಆಗಿತ್ತು.

ಎಲ್ಲ ಗೊತ್ತಿದೆ, ಮನೆಯೊಳಗೆ ಹೋಗಿ ತಡೆಯಲು ಆಗುವುದಿಲ್ಲ, ಆದರೂ ಸುಮ್ನೆ ಕೂತಿಲ್ಲ. ಅವರನ್ನು ಮೇಳ ಮಾಡಿ.

ಕಲ್ಸಂಕದ_ರಂಗದವ

ತೊಕ್ಕೊಟ್ಟಿನ ತಂಗಿ, ನೀವು ಬರೆದದ್ದನ್ನು ತಂಡದ ವಾಟ್ಸಪ್ ಗ್ರೂಪಿಗೆ ಹಾಕಿದೆ. ಮೇಳ ಅದೇ, ಇನ್ನು ಎರಡನೇ ಮಾತಿಲ್ಲ. ಮೇಡಂ, ಭಾಗವತರಿಗೂ ಮೇಳಕ್ಕೂ ಇರುವ ವ್ಯತ್ಯಾಸ ನನಗೆ ಈವರೆಗೆ ಹೊಳೆದಿರಲಿಲ್ಲ.

ಆದರೆ ನಮ್ಮ ಅಕ್ಕ ಕೇಳಿದ ಪ್ರಶ್ನೆ ಹಾಗೇ ಉಳಿದಿದೆ. ಅವಳಿಗೆ ಸಿಟ್ಟು ಎಂತಕ್ಕೆ?

ಮೂಲ್ಕಿ_ಸೀಮೆಯವ

ಅದರ ಉತ್ತರ ಓನೀಲ್ ಬಿಟ್ಟುಬಿಟ್ಟದ್ದರಲ್ಲಿ ಉಂಟು. ಗ್ರೀಕ್ ಕಥೆಯಲ್ಲಿ ಅವಳ ಸಿಟ್ಟಿಗೆ ಕಾರಣ ಇಫಿಜೀನಿಯಾ, ದೊಡ್ಡ ಮಗಳು. ಹಡಗುಗಳು ಟ್ರಾಯ್‌ಗೆ ಹೊರಡಬೇಕು, ಗಾಳಿ ಕೂಡಿ ಬರುವುದಿಲ್ಲ. ಆರ್ಟೆಮಿಸ್ ದೇವಿಗೆ ಮಗಳನ್ನು ಬಲಿ ಕೊಟ್ಟರೆ ಹಡಗು ಹೋಗುತ್ತದೆ ಅಂತ ಆಗಿ, ಅಪ್ಪ ಕೊಟ್ಟುಬಿಡುತ್ತಾನೆ. ಹತ್ತು ವರ್ಷ ಆ ತಾಯಿ ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಕಾದಿದ್ದಾಳೆ. ಓನೀಲ್‌ನ ನಾಟಕದಲ್ಲಿ ಆ ಮಗಳೇ ಇಲ್ಲ. ನಿಮ್ಮ ಅಕ್ಕನಿಗೆ ಹಗುರ ಅನಿಸಿದ್ದು ಸರಿಯಾಗಿಯೇ ಇದೆ.

ಈಗ ನಮ್ಮ ಕಥೆ ನೆನಪು ಮಾಡಿಕೊಳ್ಳಿ. ನಾನು ಹುಟ್ಟಿ ಬೆಳೆದದ್ದು ಗುತ್ತಿನ ಮನೆಯಲ್ಲಿ, ಇದನ್ನು ಅಜ್ಜಿ ಎಷ್ಟು ಸಲ ಹೇಳಿದ್ದಾರೋ ಲೆಕ್ಕ ಇಲ್ಲ. ದೇವಪಾಂಡ್ಯ ಹೊಸ ಹಡಗು ಕಟ್ಟಿಸಿದ. ಕಡಲಿಗೆ ಇಳಿಸುವ ಹೊತ್ತಿಗೆ ಕುಂಡೋದರ ಭೂತ ನರಬಲಿ ಕೇಳಿತು. ಹೆಂಡತಿ ತನ್ನ ಮಕ್ಕಳನ್ನು ಕೊಡಲು ಒಪ್ಪಲಿಲ್ಲ. ಒಡಹುಟ್ಟಿದ ಸತ್ಯವತಿ ತನ್ನ ಮಗ ಜಯಪಾಂಡ್ಯನನ್ನು ಮುಂದೆ ನಿಲ್ಲಿಸಿದಳು. ಭೂತ ಮೆಚ್ಚಿ ಹುಡುಗನನ್ನು ಬಿಟ್ಟಿತು, ಅವನೇ ಭೂತಾಳಪಾಂಡ್ಯ ಆದ. ಆಸ್ತಿ ಮಗನಿಗಲ್ಲ, ಅಳಿಯನಿಗೆ ಅಂತ ಕಟ್ಟು ಆಯಿತು. ಅಳಿಯಕಟ್ಟು ಶುರುವಾದದ್ದೇ ಹೀಗೆ ಅಂತ ನಮ್ಮಲ್ಲಿ ಹೇಳುತ್ತಾರೆ.

ಅಲ್ಲೂ ಹಡಗು, ಇಲ್ಲೂ ಹಡಗು. ಅಲ್ಲಿಯೂ ಮಗುವಿನ ಬಲಿ, ಇಲ್ಲಿಯೂ ಅದೇ. ಆದರೆ ಅಲ್ಲಿ ಅಪ್ಪ ಕೊಟ್ಟ. ಇಲ್ಲಿ ಅಪ್ಪನಿಗೆ ಕೊಡಲು ಆಗಲಿಲ್ಲ, ಯಾಕೆಂದರೆ ತಾಯಿ ಇಲ್ಲ ಅಂದಳು. ಇಡೀ ಕಥೆ ತಿರುಗುವುದು ಆ ಒಂದು ಇಲ್ಲ ಎಂಬ ಮಾತಿನ ಮೇಲೆ.

ಹಾಗಾಗಿ ನೀವು 1949ರ ಆಸುಪಾಸಿಗೆ ಕಥೆ ಇಡಿ. ಮದ್ರಾಸಿನ ಅಳಿಯಸಂತಾನ ಕಾಯ್ದೆ ಬಂದ ವರ್ಷ ಅದು, ದೊಡ್ಡ ಮನೆಗಳಲ್ಲಿ ಪಾಲಿನ ಮಾತು ಎದ್ದ ಕಾಲ. ಯಜಮಾನನಿಗೆ ಮಂಗಳೂರು ಬಂದರಿನಲ್ಲಿ ಮಂಜಿ, ಅಂದರೆ ಸರಕಿನ ಹಾಯಿ ಹಡಗು, ಇಳಿಸಬೇಕು, ದುಡ್ಡು ಇಲ್ಲ. ದುಡ್ಡು ಕೊಡುವ ಮುದಿ ವ್ಯಾಪಾರಿಗೆ ದೊಡ್ಡ ಮಗಳನ್ನು ಮದುವೆ ಮಾಡಿ ಕೊಡುತ್ತಾನೆ. ಮಂಜಿ ಕಡಲಿಗೆ ಇಳಿಯುತ್ತದೆ. ಹುಡುಗಿ ಮೊದಲ ಹೆರಿಗೆಯಲ್ಲಿ ತೀರಿಹೋಗುತ್ತಾಳೆ. ಈಗ ಒಂದು ಮಾತು ಗಮನಿಸಿ. ಅಳಿಯಕಟ್ಟಿನಲ್ಲಿ ಮಕ್ಕಳು ಅಪ್ಪನ ಕುಟುಂಬಕ್ಕೆ ಸೇರಿದವರೇ ಅಲ್ಲ. ಬರಿ, ಅಂದರೆ ಕುಲ, ತಾಯಿಯಿಂದ ಬರುವುದು, ಹೇಳುವ ಹಕ್ಕು ತಾಯಿಗೆ, ಸೋದರಮಾವನಿಗೆ. ಅವನು ಕೊಟ್ಟದ್ದು ತನ್ನದಲ್ಲದ ಮಗುವನ್ನು. ಇಷ್ಟು ಇಟ್ಟರೆ ಆ ತಾಯಿಗೆ ಸಿಟ್ಟು ಎಂತಕ್ಕೆ ಅಂತ ನಮ್ಮ ಕಡೆ ಒಬ್ಬರೂ ಕೇಳುವುದಿಲ್ಲ.

ಬಲ್ಮಠದ_ಮೇಡಂ

ಮೂಲ್ಕಿಯವರೇ, ಇಷ್ಟು ವರ್ಷ ಪಾಠ ಮಾಡಿಯೂ ನಾನು ಈ ಎರಡು ಹಡಗುಗಳನ್ನು ಒಟ್ಟಿಗೆ ನೋಡಿರಲಿಲ್ಲ. ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಇದನ್ನು ವಿಚಾರಣೆಯವರೆಗೆ ತೆಗೆದುಕೊಂಡು ಹೋಗಿ. ಈಸ್ಕಿಲಸ್‌ನ ಮೂರನೇ ನಾಟಕದಲ್ಲಿ ಸೇಡಿನ ದೇವತೆಗಳನ್ನು ಕೇಳುತ್ತಾರೆ, ಗಂಡನನ್ನು ಕೊಂದವಳ ಬೆನ್ನು ನೀವು ಯಾಕೆ ಹತ್ತಲಿಲ್ಲ ಅಂತ. ಅವರ ಉತ್ತರ, ಅವಳು ಕೊಂದವನು ಅವಳ ರಕ್ತದವನಲ್ಲ. ಅದಕ್ಕೆ ಅಪೊಲೊ, ತಾಯಿ ಹೆತ್ತವಳೇ ಅಲ್ಲ, ಗಂಡಿನ ಬೀಜವನ್ನು ಕಾಪಾಡುವವಳು ಮಾತ್ರ ಅಂತ ವಾದ ಮಾಡುತ್ತಾನೆ. ಮತಗಳು ಸಮ ಆಗುತ್ತವೆ. ತಾಯಿಯಿಲ್ಲದೆ ಹುಟ್ಟಿದ ಅಥೀನಾ ತನ್ನ ಮತ ಒರೆಸ್ಟಿಸ್‌ಗೆ ಹಾಕುತ್ತಾಳೆ. ಅಪೊಲೊನ ಆ ಮಾತನ್ನು ಬಂಟರ, ಬಿಲ್ಲವರ, ಮೊಗವೀರರ ಅಜ್ಜಿಯರ ಮುಂದೆ ಹೇಳಿಸಿ ನೋಡಿ! ಅಲ್ಲಿ ಗೆಲ್ಲುವುದು ಸೇಡಿನ ದೇವತೆಗಳು.

ಓನೀಲ್‌ನಲ್ಲಿ ವಿಚಾರಣೆಯೇ ಇಲ್ಲ. ಮಗ ಓರಿನ್ ತಾಯಿಯನ್ನು ಕೊಲ್ಲುವುದಿಲ್ಲ, ಅವಳ ಪ್ರಿಯಕರನನ್ನು ಕೊಲ್ಲುತ್ತಾನೆ, ಅದು ಕೇಳಿ ಅವಳೇ ಗುಂಡು ಹಾರಿಸಿಕೊಳ್ಳುತ್ತಾಳೆ. ನೀವು ವಿಚಾರಣೆಯನ್ನು ಮತ್ತೆ ತನ್ನಿ. ತಾಳಮದ್ದಳೆಯವರು ಹೇಳಿದ ಹಾಗೆ ಕೂತು ಮಾತಾಡಿಸುವುದು ಅಲ್ಲಿ ಬೇಕು.

ಅಜ್ಜರಕಾಡಿನ_ಪ್ರೇಕ್ಷಕ

ಚರ್ಚೆ ಚೆನ್ನಾಗಿದೆ, ಆದರೂ ನನ್ನ ಎರಡು ಮಾತು ಹೇಳಲೇಬೇಕು.

ಒಂದು, ಎಲ್ಲದಕ್ಕೂ ನಮ್ಮಲ್ಲಿ ಒಂದು ಜೋಡಿ ಹುಡುಕುತ್ತಾ ಹೋದರೆ ನಾಟಕ ಉಳಿಯುವುದಿಲ್ಲ. ಬಿ.ಎಂ.ಶ್ರೀ. 1929ರಲ್ಲಿ, ಅಂದರೆ ಓನೀಲ್‌ಗಿಂತ ಮೊದಲೇ, ಸಾಫೋಕ್ಲಿಸ್‌ನ 'ಏಜಾಕ್ಸ್', ಟ್ರಾಯ್ ಯುದ್ಧದಲ್ಲಿ ಮನಸ್ಸು ಕೆಟ್ಟು ತನ್ನನ್ನೇ ಕೊಂದುಕೊಳ್ಳುವ ಯೋಧನ ನಾಟಕ, ಅದನ್ನು ಹಿಡಿದು 'ಅಶ್ವತ್ಥಾಮನ್' ಬರೆದರು. ಚಿರಂಜೀವಿ ಅಂತ ನಾವು ನಂಬಿದ ಅಶ್ವತ್ಥಾಮನೇ ಅಲ್ಲಿ ಸಾಯುತ್ತಾನೆ. ನಮ್ಮ ನಂಬಿಕೆಗೆ ಹೊಂದಿಸಿಕೊಳ್ಳಲು ಅವರು ಹೋಗಲಿಲ್ಲ, ಅದನ್ನು ಮುರಿದರು. ಇನ್ನು ಅದೇ ಏಜಾಕ್ಸ್ ನಾಟಕವನ್ನು 2008ರಲ್ಲಿ ಬ್ರಯನ್ ಡೋರಿಸ್ ಅಮೆರಿಕದ ಮೆರೈನ್ ಸೈನಿಕರ, ಅವರ ಹೆಂಡಂದಿರ ಮುಂದೆ ಓದಿಸಿದರು. ಹೆಸರು ಊರು ಯಾವುದನ್ನೂ ಬದಲಾಯಿಸಲಿಲ್ಲ. ಸೆಟ್ ಇಲ್ಲ, ವೇಷ ಇಲ್ಲ, ಮೇಜು, ಮೈಕು ಅಷ್ಟೇ. ಓದು ಮುಗಿದ ಮೇಲೆ ಕೂತವರು ಎದ್ದು ಮಾತಾಡಿದರು. ನನ್ನ ಸೋದರಮಾವ ಸೇನೆಯಲ್ಲಿ ಇದ್ದವರು. ರಾತ್ರಿ ಮೂರು ಮೂರು ಸಲ ಎದ್ದು ಬಾಗಿಲ ಚಿಲಕ ಮುಟ್ಟಿ ನೋಡುತ್ತಿದ್ದರು, ಅತ್ತೆ ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು ಮಲಗಿರುತ್ತಿದ್ದರು. ಏಜಾಕ್ಸ್‌ನ ಜೊತೆ ಬಾಳುವ ಟೆಕ್ಮೆಸ್ಸಾ ಅವನ ಗುಡಾರದ ಹೊರಗೆ ನಿಂತು ಆಡುವ ಮಾತು ಕೇಳಿದರೆ ಅತ್ತೆಗೆ ಯಾರೂ ಅದನ್ನು ತುಳುನಾಡಿಗೆ ತಂದುಕೊಡಬೇಕಾಗಿರಲಿಲ್ಲ.

ಎರಡು, ಸೇಡಿನ ದೇವತೆಗಳಿಗೆ ಕೊನೆಯಲ್ಲಿ ಅಥೀನಾ ನೆಲೆ ಕೊಟ್ಟು ಪೂಜೆ ಒಪ್ಪಿಸುತ್ತಾಳೆ. ಅದನ್ನು ಓದಿದ ಕೂಡಲೇ ದೈವ ನೆನಪಾಗುತ್ತದೆ, ಅನ್ಯಾಯದಲ್ಲಿ ಸತ್ತವರು ದೈವವಾಗಿ ನೆಲೆ ಕೇಳಿದ ಕಥೆಗಳು ನಮ್ಮಲ್ಲಿ ಬೇಕಾದಷ್ಟು ಉಂಟು. ಹಾಗಂತ ದೈವದ ವೇಷವನ್ನು ವೇದಿಕೆಗೆ ತರಬೇಡಿ. ಬೆನ್ನಿಗೆ ಕಟ್ಟುವ ಅಣಿ ಬೇಡ, ಮುಖವರ್ಣಿಕೆ ಬೇಡ, ದೈವ ಆಡುವ ನುಡಿಯೂ ಬೇಡ. ಅದನ್ನು ಕಟ್ಟುವವರಿಗೆ ಅದು ಆಚರಣೆ, ನಂಬಿದವರಿಗೆ ನೋವಾಗುತ್ತದೆ.

ಕಲ್ಸಂಕದ_ರಂಗದವ

ದೈವದ ಮಾತು ಪೂರ್ತಿ ಒಪ್ಪಿದೆ. ವೇಷ ಇಲ್ಲ, ನುಡಿ ಇಲ್ಲ. ಜೋಡಿ ಹುಡುಕುವ ಮಾತೂ ತಲೆಯಲ್ಲಿ ಉಂಟು. ಓರಿನ್‌ಗೆ, ಅವನ ಗೆಳತಿಗೆ, ತಾಯಿಯ ಪ್ರಿಯಕರನಿಗೆ ನಮ್ಮ ಕಡೆಯ ಹೊಸ ಕಥೆ ಕಟ್ಟುತ್ತಿದ್ದೆ, ಅದನ್ನೆಲ್ಲ ಬಿಟ್ಟೆ. ಮಗಳು, ಮಂಜಿ, ಬ್ರಾಂಚಿನ ಹೆಂಗಸರು, ವಿಚಾರಣೆ. ಇಷ್ಟೇ ಇಟ್ಟುಕೊಳ್ಳುತ್ತೇನೆ.

ಕೊನೆ ಮಾತ್ರ ಓನೀಲ್‌ನದ್ದೇ ಬೇಕು ಅಂತ ಆಸೆ. ಎಲ್ಲರೂ ಸತ್ತ ಮೇಲೆ ಲವಿನಿಯಾ ತೋಟದವನಿಗೆ ಹೇಳುತ್ತಾಳೆ, ಕಿಟಕಿಗಳಿಗೆ ಮೊಳೆ ಹೊಡಿ, ಮನೆಯೊಳಗಿನ ಹೂವನ್ನೆಲ್ಲ ಎಸೆ ಅಂತ. ಆಮೇಲೆ ತಾನೇ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ಹೊರಗೆ ಕೂತ ಬೀಡಿಯ ಹೆಂಗಸರು ಅಗುಳಿ ಬೀಳುವ ಸದ್ದು ಕೇಳುತ್ತಾರೆ. ಅವರ ಕೈ ಅಲ್ಲಿಯವರೆಗೆ ಒಂದು ಸಲವೂ ನಿಂತಿರಬಾರದು, ಆಗ ನಿಲ್ಲಬೇಕು.

ನಿನ್ನೆ ರಾತ್ರಿ ಮಂಜಿಯ ದೃಶ್ಯವನ್ನು ಹೇಗೋ ಬರೆದು ಟೆರೇಸಿನಲ್ಲಿ ಓದಿದೆವು. ಅಕ್ಕ ಈ ಸಲ ಪುಸ್ತಕ ಮಡಚಲಿಲ್ಲ. ಮುಗಿದ ಮೇಲೆ ಒಂದೇ ಕೇಳಿದರು, "ಆ ಸತ್ತ ಹುಡುಗಿಯ ಹೆಸರು ಎಂತ? ನಾನು ಅವಳನ್ನು ಕರೆಯಬೇಕಲ್ಲ." ನಾನು ಹೆಸರೇ ಇಟ್ಟಿರಲಿಲ್ಲ. ಮೂಲ್ಕಿಯವರೇ, ಆ ಕಾಲದ ಒಂದು ಹೆಸರು ಹೇಳಿ.

ಮೂಲ್ಕಿ_ಸೀಮೆಯವ

ಕಮಲ ಅಂತ ಇಡಿ. ನನ್ನ ಅಜ್ಜಿಯ ತಂಗಿಯ ಹೆಸರು. ಸಣ್ಣ ಪ್ರಾಯದಲ್ಲಿ ಹೆರಿಗೆಯಲ್ಲಿ ಹೋದವರು. ಅಜ್ಜಿ ಸಾಯುವ ತನಕ ಸಂಜೆ ದೀಪ ಇಡುವಾಗ ಒಂದು ಸಲ ಆ ಹೆಸರು ಹೇಳುತ್ತಿದ್ದರು.